ರಟ್ಟೆಗೆ ಕಟ್ಟಿದ ಚಿಪ್ಪು

ಇವತ್ತು ಬೆಳಿಗ್ಗೆ ಮತ್ತೆ ಆ ಸಂದೇಶ ಬಂತು. ‘ಮಾನ್ಯ ಸ್ಪರ್ಧಿಗಳೇ, ತಮ್ಮ ಬಳಿ ಉಳಿದಿರುವ ಟೈಮಿಂಗ್ ಚಿಪ್ಪನ್ನು ಕೂಡಲೇ ಹಿಂದಿರುಗಿಸಬೇಕಾಗಿ ವಿನಂತಿ.’ ಇಂಥದು ಇದು ಹನ್ನೊಂದನೆಯದು. ಮೊದಲಿನ ಹತ್ತರ ಕೊನೆಯಲ್ಲಿ ಒಂದು ಕೈಮುಗಿದ ಚಿತ್ರವಿರುತ್ತಿತ್ತು, ಈ ಸಲ ಅದೂ ಇಲ್ಲ. ನಾನು ಚಹಾದ ಕಪ್ಪನ್ನು ಪಕ್ಕಕ್ಕಿಟ್ಟು ಮೇಜಿನ ಖಾನೆ ಎಳೆದು ನೋಡಿದೆ. ಚಿಪ್ಪು ಅಲ್ಲೇ ಇತ್ತು. ಹೆಬ್ಬೆರಳಿನಷ್ಟು ಅಗಲದ ಕಪ್ಪು ಪ್ಲಾಸ್ಟಿಕ್ ಬಿಲ್ಲೆ, ಅದರ ಸುತ್ತ ಹೊಲಿದ ಹಸಿರು ಬಟ್ಟೆ, ಬಟ್ಟೆಯ ಅಂಚಿನಲ್ಲಿ ಮಾಸಿದ ಕುಂಕುಮ. ಖಾನೆ ಮುಚ್ಚಿದೆ. ಹಿಂದಿರುಗಿಸುವುದಿಲ್ಲ. ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

ನನ್ನನ್ನು ಬಲ್ಲವರಿಗೆ ಈ ಮಾತು ನಂಬಲು ಕಷ್ಟ. ನಾನು ಶರಣಪ್ಪ, ಮುನಿರಾಬಾದಿನಲ್ಲಿ ನೀರಾವರಿಗೆ ಸಂಬಂಧಪಟ್ಟ ಒಂದು ಕಚೇರಿಯ ಆವಕ-ಜಾವಕ ವಿಭಾಗದ ಗುಮಾಸ್ತ. ಬಂದ ಕಾಗದಕ್ಕೆ ನಂಬರು ಹಾಕಿ ಒಳಗೆ ಕಳಿಸುವುದು, ಹೋಗುವ ಕಾಗದಕ್ಕೆ ನಂಬರು ಹಾಕಿ ಹೊರಗೆ ಕಳಿಸುವುದು, ಮೂವತ್ತು ವರ್ಷಗಳಿಂದ ನಾನು ಮಾಡಿದ್ದು ಇಷ್ಟೇ. ಪಕ್ಕದ ಮೇಜಿನವರ ಪೆನ್ನು ಅಕಸ್ಮಾತ್ ಜೇಬಿಗೆ ಬಂದಿದ್ದರೆ ಬಸ್‌ಸ್ಟ್ಯಾಂಡಿನಿಂದ ವಾಪಸು ಹೋಗಿ ಕೊಟ್ಟು ಬಂದವನು. ಬೀಗರ ಮನೆಯವರು ಸ್ಟೀಲ್ ಡಬ್ಬಿಯಲ್ಲಿ ಉಂಡಿ ಕಟ್ಟಿಕೊಟ್ಟರೆ ಆ ಡಬ್ಬಿ ಮರಳಿ ಅವರ ಮನೆ ಸೇರುವವರೆಗೆ ನನಗೆ ಸಮಾಧಾನವಿಲ್ಲ. ಅಂಥವನು ಪರರ ವಸ್ತುವೊಂದನ್ನು ಐದು ತಿಂಗಳಿಂದ ಖಾನೆಯಲ್ಲಿಟ್ಟುಕೊಂಡು ಕೂತಿದ್ದಾನೆ ಎಂದರೆ ಅವನಿಗೆ ಎಷ್ಟು ಸಿಟ್ಟು ಬಂದಿರಬೇಕು, ನೀವೇ ಅಂದಾಜು ಮಾಡಿ.

ಸ್ಪರ್ಧೆ ನಡೆಸಿದವರು ಹೇಳಿದ್ದು ಚಿಪ್ ಎಂದು, ನಾವು ಕೇಳಿಸಿಕೊಂಡದ್ದು ಚಿಪ್ಪು ಎಂದು. ತೆಂಗಿನ ಚಿಪ್ಪು ನಮಗೆ ಗೊತ್ತು, ಆಮೆಯ ಚಿಪ್ಪು ಗೊತ್ತು, ಕೆಲಸ ಕೆಟ್ಟಾಗ ಕೈಗೆ ಬರುವ ಚಿಪ್ಪಂತೂ ಬಹಳ ಚೆನ್ನಾಗಿ ಗೊತ್ತು. ಕೊನೆಗೆ ಬಂದದ್ದೂ ಅದೇ.

ಎಲ್ಲಕ್ಕೂ ಮೂಲ ನಮ್ಮ ಸಂಘ. ಎಡದಂಡೆ ಗೆಳೆಯರ ಸಂಘ ಎಂದು ಹೆಸರು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ನಡೆಯಲು ಹೇಳಿದರು, ನಾನು ಬೆಳಿಗ್ಗೆ ಎಡದಂಡೆ ಕಾಲುವೆಯ ಏರಿಯ ಮೇಲೆ ನಡೆಯತೊಡಗಿದೆ. ಅಲ್ಲಿ ನನ್ನಂತೆಯೇ ಡಾಕ್ಟರಿಂದ ಹೊರದಬ್ಬಿಸಿಕೊಂಡ ಇನ್ನೂ ಕೆಲವರಿದ್ದರು. ಹುಲಿಗಿ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಖಾದರ್ ಸಾಬರು ಅವರಲ್ಲೊಬ್ಬರು. ನಡೆದಾದ ಮೇಲೆ ಮಿರ್ಚಿ ಮಂಡಕ್ಕಿ ತಿನ್ನುವುದು ಸಂಘದ ನಿಯಮ. ನಡೆದು ಕರಗಿಸಿದ್ದನ್ನೆಲ್ಲ ಮಿರ್ಚಿ ತಿಂದು ತುಂಬಿಕೊಳ್ಳುತ್ತಿದ್ದೆವು. ಹೀಗೆ ಎರಡು ವರ್ಷ ನಮ್ಮ ತೂಕ ಒಂದು ಗುಂಜಿಯಷ್ಟೂ ಆಚೀಚೆ ಆಗಲಿಲ್ಲ.

ಹುಲಿಗೆವ್ವ ಸಂಘಕ್ಕೆ ಬಂದದ್ದು ಟೋಪಿಯಿಂದ. ಆಕೆ ಪಕ್ಕದ ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು, ದಿನಾ ಅದೇ ಏರಿಯ ಮೇಲೆ ಕೈಚೀಲ ಹಿಡಿದು ನಮ್ಮನ್ನು ದಾಟಿ ಹೋಗುತ್ತಿದ್ದಳು. ತವರು ಹಿನ್ನೀರಿನ ದಂಡೆಯ ಮೀನು ಹಿಡಿಯುವವರ ಮನೆ. ಒಂದು ದಿನ ಗಾಳಿಗೆ ಖಾದರ್ ಸಾಬರ ಬಿಳಿ ಟೋಪಿ ಹಾರಿ ಕಾಲುವೆಗೆ ಬಿತ್ತು. ನೀರು ಬಿಟ್ಟ ಕಾಲ, ಕಾಲುವೆ ತುಂಬಿ ಹರಿಯುತ್ತಿತ್ತು. ನಾವು ಏಳು ಜನ ಗಂಡಸರು ದಂಡೆಯಲ್ಲಿ ನಿಂತು ಟೋಪಿ ಎಷ್ಟು ಹೊತ್ತಿಗೆ ಗಂಗಾವತಿ ಮುಟ್ಟೀತು ಎಂದು ಚರ್ಚಿಸುತ್ತಿದ್ದೆವು. ಹಿಂದೆ ಏನೋ ನೆಲಕ್ಕೆ ಇಟ್ಟ ಸದ್ದಾಯಿತು. ತಿರುಗಿದರೆ ಕೈಚೀಲ ಮಾತ್ರ ಇತ್ತು. ಹುಲಿಗೆವ್ವ ಸೀರೆ ಕಚ್ಚೆ ಹಾಕಿಕೊಂಡು ನೀರಿನಲ್ಲಿದ್ದಳು. ಟೋಪಿ ತಂದಳು, ಹಿಂಡಿದಳು, ಖಾದರ್ ಸಾಬರ ಕೈಗೆ ಕೊಟ್ಟಳು, ಅನ್ನಕ್ಕೆ ಎಸರು ಇಡಬೇಕು ಎಂದು ಹೊರಟುಹೋದಳು. ಅವತ್ತು ನಾವು ಮಿರ್ಚಿ ತಿನ್ನಲಿಲ್ಲ. ಮರುದಿನ ಆಕೆಯನ್ನು ಸಂಘಕ್ಕೆ ಸೇರಿಸಿಕೊಂಡೆವು.

ನನಗೆ ಈಜು ಬರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡ್ಯಾಮಿನ ಕಾಲೊನಿಯಲ್ಲಿ ಹುಟ್ಟಿ ಬೆಳೆದವನಿಗೆ ಇದು ನಾಚಿಕೆಯ ಸಂಗತಿ. ಅಪ್ಪ ಒಣಗಿದ ಸೋರೆಬುರುಡೆಯನ್ನು ನನ್ನ ಬೆನ್ನಿಗೆ ಕಟ್ಟಿ ಸಣ್ಣ ಕಾಲುವೆಗೆ ಇಳಿಸಿದ್ದರು. ಹಗ್ಗ ಸಡಿಲಿತ್ತೋ ನಾನು ಒದ್ದಾಡಿದ್ದು ಹೆಚ್ಚಾಯಿತೋ, ಬುರುಡೆ ಕಳಚಿಕೊಂಡು ತಾನು ತೇಲುತ್ತ ಹೋಯಿತು. ನಾನು ಅಪ್ಪನ ಧೋತರ ಹಿಡಿದುಕೊಂಡು ಅಲ್ಲೇ ಉಳಿದೆ. ಬುರುಡೆಗೆ ಈಜು ಬಂತು, ಮಗನಿಗೆ ಬರಲಿಲ್ಲ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು.

ಹಿನ್ನೀರಿನಲ್ಲಿ ದೊಡ್ಡ ಸ್ಪರ್ಧೆ ನಡೆಯುತ್ತದೆ ಎಂಬ ಸುದ್ದಿ ತಂದವಳು ಹುಲಿಗೆವ್ವನೇ. ಯಾವುದೋ ದೊಡ್ಡ ಊರಿನವರು ಬಂದು ನಡೆಸುವ ಟ್ರಯಥ್ಲಾನ್. ಮುಕ್ಕಾಲು ಕಿಲೋಮೀಟರ್ ಈಜು, ಇಪ್ಪತ್ತು ಕಿಲೋಮೀಟರ್ ಸೈಕಲ್ಲು, ಐದು ಕಿಲೋಮೀಟರ್ ಓಟ. ಮೂರನ್ನೂ ಒಬ್ಬರೇ ಮಾಡಬಹುದು, ಇಲ್ಲವೇ ಒಂದು ಸಂಘದ ಮೂವರು ಒಂದೊಂದನ್ನು ಹಂಚಿಕೊಳ್ಳಬಹುದು. ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, ಯಲಬುರ್ಗಾದವಳು, ನೀರು ಎಂದರೆ ಕೊಡದೊಳಗೆ ಇರಬೇಕು ಎನ್ನುವವಳು, ಟ್ರಯಥ್ಲಾನ್ ಎಂದದ್ದು ಠಾಣೆ ಎಂದು ಕೇಳಿಸಿ, ಯಾವ ಠಾಣೆಗೆ ಯಾಕೆ ಕರೆದಿದ್ದಾರೆ ಎಂದು ಗಾಬರಿಯಾದಳು.

ಹುಲಿಗೆವ್ವನಿಗೆ ಇದು ಆಟವಾಗಿರಲಿಲ್ಲ. ನಮ್ಮ ಜಿಲ್ಲೆಯಲ್ಲೇ ಹೊಸದಾಗಿ ತೆರೆದ ಒಂದು ಈಜುಕೊಳವಿದೆ, ಯಾವ ಊರಿನದು ಎಂದು ಹೇಳುವುದಿಲ್ಲ. ಅಲ್ಲಿ ಮಧ್ಯಾಹ್ನ ಎರಡು ತಾಸು ಹೆಣ್ಣುಮಕ್ಕಳಿಗೆ ಎಂದು ಬೋರ್ಡು ಹಾಕಿದ್ದಾರೆ. ಆದರೆ ನೀರಿನ ಬಳಿ ನಿಲ್ಲಲು, ಕಲಿಸಲು ಹೆಂಗಸೊಬ್ಬಳಿಲ್ಲದೆ ಯಾವ ತಾಯಿಯೂ ಮಗಳನ್ನು ಕಳಿಸುವುದಿಲ್ಲ, ಎರಡು ತಾಸು ನೀರು ಸುಮ್ಮನೆ ನಿಂತಿರುತ್ತದೆ. ಅದಕ್ಕೊಬ್ಬ ಹೆಂಗಸು ಬೇಕು ಎಂದು ಅರ್ಜಿ ಕರೆದಿದ್ದರು. ಅರ್ಜಿಯ ಕೆಳಗೆ ಒಂದು ಸಾಲು: ‘ತೆರೆದ ನೀರಿನ ಸ್ಪರ್ಧೆಯೊಂದನ್ನು ಪೂರ್ಣಗೊಳಿಸಿದ ದಾಖಲೆ ಲಗತ್ತಿಸುವುದು.’ ಅರ್ಜಿ ಓದಿ ಹೇಳಿದ್ದು ನಾನೇ. ಕೇಳಿ ಆಕೆ ಕೈಚೀಲವನ್ನು ನೆಲಕ್ಕಿಟ್ಟಳು.

“ಅನ್ನದ ಹಂಡೇದ ಮುಂದ ನಿಂತು ಸಾಕಾಗೈತ್ರಿ ಸರ. ಇನ್ನ ನೀರಾಗ ನಿಂದ್ರಬೇಕು. ಕಾಲುವಿ ದಂಡಿ ಊರಾಗ ಹೆಣ್ಣುಹುಡುಗ್ಯಾರಿಗಿ ಈಜ ಬರೂದಿಲ್ಲಂದ್ರ ಹೆಂಗ್ರಿ.”

ಮೂವರು ಬೇಕು ಎಂದಾಗ ಸಂಘದ ಉಳಿದ ಗೆಳೆಯರಿಗೆಲ್ಲ ಅದೇ ವಾರ ಮದುವೆ, ಮೊಣಕಾಲು ನೋವು, ಕುಷ್ಟಗಿಯಲ್ಲಿ ತುರ್ತು ಕೆಲಸ ಬಂದುವು. ಉಳಿದವರು ಖಾದರ್ ಸಾಬರು ಮತ್ತು ನಾನು. ಅವರಿಗೆ ಸೈಕಲ್ಲು ಹುಟ್ಟಿದಾಗಿನಿಂದ ಗೊತ್ತು. ಗಂಗಾವತಿಯಲ್ಲಿ ಅವರ ತಂದೆ ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುತ್ತಿದ್ದರಂತೆ. ಹುಡುಗರು ತಡವಾಗಿ ಬಂದು ನಿಮ್ಮ ಗಡಿಯಾರವೇ ಮುಂದಿದೆ ಎಂದು ವಾದಿಸುತ್ತಿದ್ದರು. ತಂದೆ ಗಡಿಯಾರ ನೋಡುತ್ತಲೇ ಇರಲಿಲ್ಲ, ಹುಡುಗನ ಅಂಗಿಯ ಬೆನ್ನಿನ ಬೆವರು ನೋಡಿ ಒಂದೂವರೆ ತಾಸು ಎನ್ನುತ್ತಿದ್ದರು. ಅದು ಸರಿಯೇ ಇರುತ್ತಿತ್ತು. ಯಂತ್ರ ನಂಬಿದವರ ಕೈಗೆ ನಾವು ಸಿಕ್ಕಿಕೊಂಡ ಮೇಲೆ ಆ ಬೆವರಿನ ಗಡಿಯಾರ ನನಗೆ ಪದೇ ಪದೇ ನೆನಪಾಗಿದೆ.

ಹೀಗೆ ಓಟ ನನ್ನ ಪಾಲಿಗೆ ಬಂತು. ನಗಬೇಡಿ, ಓಟ ನಮ್ಮ ಮನೆತನದಲ್ಲಿದೆ. ನಮ್ಮಪ್ಪ ಕಾಲುವೆಯ ಗೇಜ್ ರೀಡರ್. ನೀರಿನಲ್ಲಿ ನಿಲ್ಲಿಸಿದ ಗೀಟು ಹಾಕಿದ ಕಲ್ಲನ್ನು ನೋಡಿ, ನೀರು ಎಷ್ಟು ಎತ್ತರ ಹರಿಯುತ್ತಿದೆ ಎಂದು ಬರೆಯುವುದು ಅವರ ಕೆಲಸ. ಕಚೇರಿಯ ಫೋನು ಕೆಟ್ಟಾಗ ಚೀಟಿ ಹಿಡಿದು ಓಡುತ್ತಿದ್ದವನು ನಾನು. ಅಪ್ಪ ದಂಡೆಯ ಮೇಲೆ ನಿಂತು ಎಂದೂ ಬರೆದವರಲ್ಲ. ಮಳೆಯಿರಲಿ, ಪಾಚಿಯಿರಲಿ, ಮೆಟ್ಟಿಲಿಳಿದು ಬಗ್ಗಿ ಕಲ್ಲಿನ ಮುಖ ನೋಡಿಯೇ ಬರೆಯಬೇಕು. ಒಮ್ಮೆ ಜ್ವರ ಬಂದು ಮಲಗಿದ್ದಾಗ, ನಿನ್ನೆ ಇದ್ದಷ್ಟೇ ಇರುತ್ತದೆ, ಅದನ್ನೇ ಬರೆಯುತ್ತೇನೆ ಎಂದೆ. ಅಪ್ಪ ಹಾಸಿಗೆಯಿಂದ ಎದ್ದು ಕೂತರು. “ಕಂಡದ್ದು ಬರಿ. ಕಾಣದಿದ್ರ ಕಂಡಿಲ್ಲಂತ ಬರಿ. ಇಲ್ಲಂತ ಬರೀಬ್ಯಾಡ” ಎಂದರು. ಆ ವ್ಯತ್ಯಾಸ ಆಗ ನನಗೆ ತಿಳಿಯಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಚೀಲ ಹಂಚಿದರು. ಅದರಲ್ಲಿ ಎದೆಗೆ ಸಿಕ್ಕಿಸುವ ನಂಬರು, ಹುಲಿಗೆವ್ವನ ತುರುಬಿನ ಅರ್ಧಕ್ಕೂ ಸಾಲದ ರಬ್ಬರ್ ಟೋಪಿ, ಮತ್ತು ಚಿಪ್ಪು. ನೀರಿಗಿಳಿಯುವಾಗ, ನೀರಿನಿಂದ ಎದ್ದಾಗ, ಸೈಕಲ್ ಹತ್ತುವಾಗ, ಓಟ ಮುಗಿದಾಗ ನೆಲಕ್ಕೆ ಹಾಸಿದ ಚಾಪೆಯನ್ನು ತುಳಿಯಬೇಕು, ಚಾಪೆಗೆ ಚಿಪ್ಪು ಕಂಡರೆ ಯಂತ್ರ ವೇಳೆ ಬರೆದುಕೊಳ್ಳುತ್ತದೆ. ಮೂವರಿಗೆ ಸೇರಿ ಒಂದೇ ಚಿಪ್ಪು, ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು. ಎಡಗಾಲಿನ ಕಣಕಾಲಿಗೆ ಕಟ್ಟಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೇಳಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ.

ಆದರೆ ಅಲ್ಲಿಂದ ನಾವು ಸೀದಾ ಹುಲಿಗಿಯ ಅಮ್ಮನ ಗುಡಿಗೆ ಹೋದೆವು. ಹೊಸ ಟ್ರ್ಯಾಕ್ಟರ್ ತಂದವರು ಹೋಗುತ್ತಾರೆ, ಹೊಸ ಮೋಟರು ಕೂರಿಸುವವರು ಹೋಗುತ್ತಾರೆ, ಅಮ್ಮನ ಹೆಸರೇ ಇಟ್ಟುಕೊಂಡ ಹುಲಿಗೆವ್ವ ಹೋಗದೆ ಇರುತ್ತಾಳೆಯೆ? ಚಿಪ್ಪನ್ನು ಎಲೆಯ ಮೇಲಿಟ್ಟು ಹುಲಿಗೆಮ್ಮನ ಪಾದಕ್ಕೆ ಮುಟ್ಟಿಸಿ ಕುಂಕುಮ ಹಚ್ಚಿಸಿಕೊಂಡು ಬಂದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಮೇಲೆ ಮೂವರಿಗೂ ಒಟ್ಟಿಗೆ ಹೊಳೆಯಿತು. ಇದನ್ನು ಇನ್ನು ಕಾಲಿಗೆ ಕಟ್ಟುವುದು ಹೇಗೆ? ಅದರಲ್ಲೂ ಎಡಗಾಲಿಗೆ? ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ನಾನು ಅಂಥ ದೈವಭಕ್ತನೇನಲ್ಲ, ಶನಿವಾರದ ಉಪವಾಸದ ದಿನ ಕದ್ದು ಮಿರ್ಚಿ ತಿಂದವನು. ಆದರೂ ಕಾಲಿಗೆ ಕಟ್ಟಿರಿ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. ನಿಮ್ಮದು ಬರುತ್ತಿತ್ತೇ?

ದಾರಿ ತೋರಿಸಿದವರು ಖಾದರ್ ಸಾಬರು. ನಮ್ಮನ್ನು ಮನೆಗೆ ಕರೆದೊಯ್ದರು. ಅವರ ತಾಯಿ ಹುಸೇನಬಿ ಮನೆಯಲ್ಲಿ ಯಾರೇ ದೂರದ ಪ್ರಯಾಣಕ್ಕೆ ಹೊರಟರೂ ಹಸಿರು ಬಟ್ಟೆಯಲ್ಲಿ ಒಂದು ನಾಣ್ಯ ಹೊಲಿದು ಬಲಗೈಯ ರಟ್ಟೆಗೆ ಕಟ್ಟುತ್ತಾರೆ. ಅದಕ್ಕೆ ಇಮಾಮ್ ಜಾಮಿನ್ ಎನ್ನುತ್ತಾರೆ. ಹೋದವರು ಸುಖವಾಗಿ ತಲುಪಿದ ಮೇಲೆಯೇ ಅದನ್ನು ಬಿಚ್ಚುವುದು, ಅಲ್ಲಿಯವರೆಗೆ ಬಿಚ್ಚುವಂತಿಲ್ಲ. ಹುಸೇನಬಿ ನಮ್ಮ ಸಂಕಟ ಕೇಳಿದರು, ಚಿಪ್ಪನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಕುಂಕುಮ ಅಳಿಸದಂತೆ ಹುಷಾರಾಗಿ ಹಸಿರು ಬಟ್ಟೆಯೊಳಗೆ ನಾಣ್ಯದ ಜೊತೆ ಇಟ್ಟು ಹೊಲಿದರು. ಹುಲಿಗೆವ್ವನ ರಟ್ಟೆಗೆ ಕಟ್ಟಿ “ಸಲಾಮತ್ ಜಾವೋ, ಸಲಾಮತ್ ಆವೋ” ಎಂದರು, ಸುಖವಾಗಿ ಹೋಗಿ ಸುಖವಾಗಿ ಬಾ ಎಂದು. ಕಾಲಿಗಿಂತ ರಟ್ಟೆ ಎತ್ತರದಲ್ಲಿದೆ, ಯಂತ್ರಕ್ಕೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದು ನಾನೇ ಎಲ್ಲರಿಗೂ ಧೈರ್ಯ ಹೇಳಿದೆ. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದವನ ಬುದ್ಧಿ ಅದು.

ಬೆಳಿಗ್ಗೆ ಹಿನ್ನೀರಿನ ದಂಡೆಯಲ್ಲಿ ನೂರಾರು ಜನ. ಮೈಗಂಟಿದ ಕರಿ ಬಟ್ಟೆ, ಕಣ್ಣಿಗೆ ಬಣ್ಣದ ಗಾಜು. ನಮ್ಮ ಹುಲಿಗೆವ್ವ ಚೂಡಿದಾರದ ಪ್ಯಾಂಟು, ಮಗನ ಟೀ ಶರ್ಟು ಹಾಕಿಕೊಂಡು, ನೀರು ಮುಟ್ಟಿ ಹಣೆಗೊತ್ತಿಕೊಂಡು ಇಳಿದಳು. ಕಾವಲಿಗೆ ಎಂದು ನಮ್ಮ ಊರಿನವರದೇ ಹರಿಗೋಲುಗಳನ್ನು ನಿಲ್ಲಿಸಿದ್ದರು. ಅವುಗಳಲ್ಲೊಂದರಲ್ಲಿದ್ದ ಹನುಮಂತಪ್ಪ ದಾರಿಯುದ್ದಕ್ಕೂ ಆಕೆಯ ಪಕ್ಕದಲ್ಲೇ ಹುಟ್ಟು ಹಾಕುತ್ತ ಬಂದ. ಗುಂಪಿನಿಂದ ಒಂದು ತಲೆ ಮುಂದೆ ಬಂತು, ಮತ್ತೊಂದು ಬಂತು, ಮೂರನೆಯದು ನಮ್ಮ ತುರುಬು. ಆಕೆ ನೀರಿನಿಂದೇಳುವಾಗ ಕ್ಯಾಮೆರಾದವರು ಮುಗಿಬಿದ್ದರು. ಆಕೆ ನಕ್ಕಳು. ಎರಡು ವರ್ಷದಲ್ಲಿ ಆಕೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಗಂಟು ಬಿಚ್ಚಿ ಖಾದರ್ ಸಾಬರ ರಟ್ಟೆಗೆ ಕಟ್ಟಿದಳು. ಪ್ರಯಾಣ ಮುಗಿದಿಲ್ಲ, ರಟ್ಟೆ ಮಾತ್ರ ಬದಲು ಎಂದು ಹುಸೇನಬಿಯಿಂದ ಮೊದಲೇ ಅಪ್ಪಣೆ ಪಡೆದಿದ್ದೆವು. ಖಾದರ್ ಸಾಬರದು ಇಪ್ಪತ್ತೆರಡು ಇಂಚಿನ ಕಬ್ಬಿಣದ ಸೈಕಲ್ಲು, ಭಾರ ಇಳಿಸಲು ಕ್ಯಾರಿಯರ್ ಬಿಚ್ಚಿದ್ದರು. ಚೆನ್ನಾಗಿಯೇ ಹೋದರು. ಆದರೆ ಅರ್ಧ ದಾರಿಯಲ್ಲಿ ಯಾರೋ ಹುಡುಗಿಯ ಬೆಲೆಬಾಳುವ ಸೈಕಲ್ಲಿನ ಚೈನು ಕಳಚಿತ್ತಂತೆ. ಚೈನು ಕಳಚಿಕೊಂಡು ನಿಂತವರನ್ನು ದಾಟಿ ಹೋಗುವುದು ಅವರ ಕೈಲಾಗುವ ಕೆಲಸವಲ್ಲ. ಅದನ್ನು ಸರಿಮಾಡಿ, ಗಾಳಿ ಒತ್ತಿ ನೋಡಿ, ನಿಧಾನ ಹೋಗವಾ ಎಂದು ಕಳಿಸಿ, ಕರಿಗೈ ಮಾಡಿಕೊಂಡು ಬಂದರು. ನನ್ನ ರಟ್ಟೆಗೆ ಗಂಟು ಹಾಕುವಾಗ ತಡವಾಯಿತು ಎಂದು ತಲೆ ತಗ್ಗಿಸಿದರು.

ನನ್ನ ಓಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಕಿಲೋಮೀಟರು ಓಡಿದೆ. ಎರಡನೆಯದನ್ನು ಓಡಿದಂತೆ ಮಾಡಿದೆ. ಮೂರನೆಯದರಲ್ಲಿ ಅಪ್ಪನ ಗೇಜಿನ ಕಲ್ಲು ಎದುರಾಯಿತು, ಅದರೆದುರು ನಡೆಯಲು ನಾಚಿಕೆಯಾಗಿ ಮತ್ತೆ ಓಡಿದೆ. ಮುಗಿಯುವ ಜಾಗ ಕಂಡಾಗ ಅಲ್ಲಿ ಶಾಮಿಯಾನದ ಒಂದು ಮೂಲೆ ಬಿಚ್ಚುತ್ತಿದ್ದರು. ಹುಲಿಗೆವ್ವ ಒಂದು ಬದಿಗೆ, ಖಾದರ್ ಸಾಬರು ಇನ್ನೊಂದು ಬದಿಗೆ ಬಂದು ಜೊತೆಗೆ ಓಡಿದರು. ಮೂವರೂ ಒಟ್ಟಿಗೆ ಆ ಚಾಪೆ ತುಳಿದೆವು. ನನ್ನ ಕಾಲ ಕೆಳಗೆ ಚಾಪೆ ಇದ್ದದ್ದನ್ನು ನಾನು ಬಗ್ಗಿ ನೋಡಿದ್ದೇನೆ, ಏಕೆಂದರೆ ಆ ಹೊತ್ತಿಗೆ ನನಗೆ ತಲೆ ಎತ್ತುವ ಶಕ್ತಿ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಹಲಗೆಯ ಮೇಲೆ ಹಾಳೆ ಅಂಟಿಸಿದರು. ಹುಲಿಗೆವ್ವ ತನ್ನ ಹೆಸರನ್ನು ಹುಡುಕಿದಳು. ಎಲ್ಲ ಸಂಘಗಳ ಮುಂದೆ ವೇಳೆ ಇತ್ತು. ಕಟ್ಟಕಡೆಯಲ್ಲಿ ಎಡದಂಡೆ ಗೆಳೆಯರ ಸಂಘ, ಅದರ ಮುಂದೆ ಇಂಗ್ಲಿಷಿನ ಮೂರು ಅಕ್ಷರ. ಡಿ, ಎನ್, ಎಫ್. ಅಂದರೆ ಏನು ಎಂದು ಆಕೆ ನನ್ನನ್ನು ಕೇಳಿದಳು. ಜೀವಮಾನದಲ್ಲಿ ಎಷ್ಟೋ ಜನರಿಗೆ ಕಾಗದ ಓದಿ ಹೇಳಿದ್ದೇನೆ, ಇಷ್ಟು ಕಷ್ಟ ಎಂದೂ ಆಗಿರಲಿಲ್ಲ. ಮುಗಿಸಿಲ್ಲ ಅಂತ ಬರೆದಿದ್ದಾರೆ ಎಂದೆ.

ಟೈಮಿಂಗ್ ನೋಡಿಕೊಳ್ಳುವ ಯುವಕ ಒಂದು ಮೇಜಿನ ಹಿಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಪರದೆಯಿಂದ ಕಣ್ಣೆತ್ತದೆ, ನಮ್ಮ ಸಿಸ್ಟಮ್ ಪ್ರಕಾರ ಈ ತಂಡ ನೀರಿನಿಂದ ಹೊರಗೇ ಬಂದಿಲ್ಲ, ಇಳಿದದ್ದಕ್ಕೂ ದಾಖಲೆ ಇಲ್ಲ ಎಂದ. ಹುಲಿಗೆವ್ವ ಅವನ ಎದುರೇ ನಿಂತಿದ್ದಳು. ತುರುಬು ಬಿಚ್ಚಿ ಕೂದಲನ್ನು ಎರಡೂ ಕೈಯಿಂದ ಹಿಂಡಿದಳು. ತುರುಬಿನೊಳಗೆ ಇನ್ನೂ ಉಳಿದಿದ್ದ ನೀರು ಮೇಜಿನ ಮುಂದೆ ಮಣ್ಣಿಗೆ ತೊಟ್ಟಿಕ್ಕಿತು.

“ಹಂಗಾರ ಈ ನೀರ ಎಲ್ಲೀದರೀ?”

ಅವನು ಚಿಪ್ಪು ತೋರಿಸಿ ಎಂದ. ನನ್ನ ರಟ್ಟೆಯಿಂದ ಗಂಟನ್ನು ಬಿಚ್ಚಿ, ಹೊಲಿಗೆಯ ಒಂದು ತುದಿ ಸರಿಸಿ ಒಳಗೆ ನೋಡಿದ. ನಾಣ್ಯ ಕಂಡಿತು. ಲೋಹ ಅಡ್ಡವಿದ್ದರೆ ಯಂತ್ರ ಓದುವುದಿಲ್ಲ, ಮೇಲಾಗಿ ಇದು ಕಾಲಿಗೆ ಕಟ್ಟುವಂಥದು ಎಂದ. ಇಷ್ಟಕ್ಕೆ ನಿಲ್ಲಿಸಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ, ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳುತ್ತಿದ್ದೆ. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಗೆಳೆಯರನ್ನು ಕರೆದ. ತಾಯಿತ ಕಟ್ಟಿಕೊಂಡು ಬಂದಿದ್ದಾರೆ ನೋಡ್ರೋ ಎಂದು ಎಲ್ಲರೂ ನಕ್ಕರು. ಒಬ್ಬ ಫೋಟೊ ತೆಗೆದ. ಖಾದರ್ ಸಾಬರು ಕರಿಗೈ ಚಾಚಿ ಅವನ ಬೆರಳಿನಿಂದ ತಾಯಿಯ ಹೊಲಿಗೆಯನ್ನು ತೆಗೆದುಕೊಂಡರು, ಮೂವರೂ ತಿರುಗಿ ಬಂದೆವು. ಚಿಪ್ಪು ನಮ್ಮಲ್ಲಿ ಉಳಿದದ್ದು, ನನ್ನ ಖಾನೆ ಸೇರಿದ್ದು ಹೀಗೆ, ಕದ್ದದ್ದಲ್ಲ.

ಯಂತ್ರಕ್ಕೆ ಕಾಣಲಿಲ್ಲ ಎಂದು ಬರೆಯಲಿ, ನನ್ನ ತಕರಾರಿಲ್ಲ. ಮುಗಿಸಿಲ್ಲ ಎಂದು ಬರೆಯುವುದು ಯಾವ ನ್ಯಾಯ? ಮುಗಿಸಿದ್ದನ್ನು ಕಂಡ ಕಣ್ಣುಗಳು ಅಲ್ಲಿ ಇನ್ನೂರಿದ್ದವು. ಅಪ್ಪ ಜ್ವರದಲ್ಲಿ ಎದ್ದು ಕೂತು ಹೇಳಿದ ವ್ಯತ್ಯಾಸ ನನಗೆ ಐವತ್ತೆರಡನೆಯ ವಯಸ್ಸಿನಲ್ಲಿ, ಆ ಹಲಗೆಯ ಮುಂದೆ ತಿಳಿಯಿತು.

ಇನ್ನೂ ಇದೆ, ಕೇಳಿ. ಮೂರು ತಿಂಗಳಿಗೆ ಮುಂದಿನ ವರ್ಷದ ಸ್ಪರ್ಧೆಯ ಪೋಸ್ಟರ್ ಬಂತು. ಅದರಲ್ಲಿ ಯಾರ ಚಿತ್ರ ಅಂತೀರಿ? ನೀರಿನಿಂದ ಎದ್ದು ನಗುತ್ತಿರುವ ಹುಲಿಗೆವ್ವ, ರಟ್ಟೆಯ ಮೇಲೆ ಹಸಿರು ಬಟ್ಟೆ. ನೀರಿಗೇ ಇಳಿಯದ ಹೆಂಗಸು ನೀರಿನಿಂದ ಏಳುತ್ತಿದ್ದಾಳೆ. ನಾನು ಅದೇ ಗಳಿಗೆಯಲ್ಲಿ ಫೋನು ಮಾಡಿದೆ. ಫೋಟೊದವರು ಬೇರೆ, ಟೈಮಿಂಗಿನವರು ಬೇರೆ ಸರ್, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಅಂದರೆ ಅವರ ಒಂದು ಕಣ್ಣಿಗೆ ಆಕೆ ಚೆನ್ನಾಗಿ ಕಾಣುತ್ತಾಳೆ, ಇನ್ನೊಂದು ಕಣ್ಣಿಗೆ ಕಾಣುವುದಿಲ್ಲ. ಪ್ರಮಾಣಪತ್ರವನ್ನಾದರೂ ಕೊಡಿ, ಒಬ್ಬಳ ಕೆಲಸದ ಪ್ರಶ್ನೆ ಎಂದೆ. ನಿಯಮದಲ್ಲಿ ಅವಕಾಶವಿಲ್ಲ ಎಂದರು. ಆ ಮಾತನ್ನು ಹೇಳುವ ಧಾಟಿ ನನಗೆ ಎಲ್ಲೋ ಕೇಳಿದಂತೆ ಅನಿಸಿತು.

ಎಲ್ಲಿ ಎಂದು ನೆನಪಾದದ್ದು ಎರಡು ದಿನ ಬಿಟ್ಟು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಆದರೆ ಬೇರೆಯವರ ಮೇಲೆ ಇಷ್ಟೊಂದು ಕೂಗಾಡಿದ ಮೇಲೆ ಬರೆಯದಿದ್ದರೆ ತಪ್ಪಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶ್ರೀರಾಮನಗರದ ಕಡೆಯ ಒಬ್ಬ ಮುದುಕ ತೂಬಿನ ನೀರಿಗಾಗಿ ಅರ್ಜಿ ತಂದಿದ್ದ. ಅರ್ಜಿಗೆ ಬಲಗೈ ಹೆಬ್ಬೆಟ್ಟು ಒತ್ತಿದ್ದ. ಗಂಡಸರದು ಎಡಗೈ ಹೆಬ್ಬೆಟ್ಟಾಗಬೇಕು, ಅದು ನಿಯಮ. “ಎಡಮ ಚೇತ್ತೋ ನೀಳ್ಳು ಅಡಗಕೂಡದು ಬಾಬೂ” ಎಂದು ಅವನು ತೆಲುಗಿನಲ್ಲಿ ಹೇಳಿದ. ಎಡಗೈಯಲ್ಲಿ ನೀರು ಬೇಡಬಾರದು ಎಂದು ಅವನ ಅರ್ಥ. ಕಚೇರಿಯವರೆಲ್ಲ ನಕ್ಕರು, ನಾನೂ ನಕ್ಕೆ. ಅರ್ಜಿಯ ಅಂಚಿಗೆ ‘ಎಡಗೈ ಹೆಬ್ಬೆಟ್ಟಿನೊಂದಿಗೆ ಮರುಸಲ್ಲಿಸುವುದು’ ಎಂದು ಬರೆದು ವಾಪಸು ಕೊಟ್ಟೆ. ನನ್ನ ಅಕ್ಷರ ದುಂಡಗಿದೆ ಎಂದು ಸಾಹೇಬರು ಹೊಗಳಿದ್ದು ಆ ವರ್ಷವೇ.

ಆ ನೆನಪು ಬಂದ ದಿನವೇ ನಾನು ಒಂದು ಕೆಲಸ ಮಾಡಿದೆ. ಅವರು ಕೊಡದಿದ್ದರೆ ಬೇಡ, ಕಂಡವರು ಬರೆದುಕೊಡಲಿ ಎಂದು ಪಂಚನಾಮೆ ಬರೆದೆ. ಇಂಥ ದಿನ, ಇಂಥ ದಂಡೆಯಿಂದ ಹುಲಿಗೆವ್ವ ನೀರಿಗಿಳಿದು ಪೂರ್ತಿ ದೂರ ಈಜಿ ಮೇಲೆದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದನ್ನು ಹಿಡಿದು ಹಿನ್ನೀರಿನ ದಂಡೆಗೆ ಹೋದೆ. ಹನುಮಂತಪ್ಪ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ. ಓದಿ ಹೇಳಿದೆ, ತಲೆಯಾಡಿಸಿದ, ಕೈ ಒರೆಸಿಕೊಂಡ.

“ಯಾವ ಕೈದು ಒತ್ತಲ್ರಿ?”

ಮೂವತ್ತು ವರ್ಷದ ಚಟ, ಎಡ ಎಂಬ ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. ನಿನಗೆ ಯಾವುದು ಸರಿ ಕಾಣುತ್ತದೋ ಅದನ್ನು ಒತ್ತು ಎಂದೆ. ಅವನು ಬಲಗೈ ಒತ್ತಿದ. ಮತ್ತಿಬ್ಬರು ಹರಿಗೋಲಿನವರೂ ಹಾಗೇ ಮಾಡಿದರು. ನಾನು ಪ್ರತಿಯೊಂದರ ಪಕ್ಕದಲ್ಲಿ ‘ಬಲಗೈ ಹೆಬ್ಬೆಟ್ಟಿನ ಗುರುತು’ ಎಂದು ಇದ್ದದ್ದನ್ನು ಇದ್ದಂತೆ ಬರೆದೆ. ಆ ಪೋಸ್ಟರನ್ನೂ ಲಗತ್ತಿಸಿ ಈಜುಕೊಳದ ಕಚೇರಿಗೆ ಕಳಿಸಿದೆವು.

ನಿನ್ನೆ ಅದು ವಾಪಸು ಬಂತು. ಅಂಚಿನಲ್ಲಿ ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು: ‘ಸಾಕ್ಷಿದಾರರ ಎಡಗೈ ಹೆಬ್ಬೆಟ್ಟಿನೊಂದಿಗೆ ಮರುಸಲ್ಲಿಸುವುದು.’ ನಾನು ಅದನ್ನು ಎರಡು ಸಲ ಓದಿದೆ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಇವತ್ತು ಹನ್ನೊಂದನೆಯ ಸಂದೇಶ ಬಂದ ಮೇಲೆ ಆ ಕಾಗದವನ್ನೂ ಚಿಪ್ಪನ್ನೂ ಜೇಬಿಗಿಟ್ಟುಕೊಂಡು ಸಾಲೆಯ ಅಡುಗೆಕೋಣೆಗೆ ಹೋದೆ. ಹುಲಿಗೆವ್ವ ಅಕ್ಕಿ ತೊಳೆಯುತ್ತಿದ್ದಳು. ಕಾಗದ ಓದಿ ಹೇಳಿದೆ. ಹಾಗೆಯೇ ಶ್ರೀರಾಮನಗರದ ಮುದುಕನ ಕಥೆಯನ್ನೂ ಹೇಳಿದೆ, ಯಾಕೆ ಹೇಳಿದೆನೋ. ಆಕೆ ಬೈಯಬಹುದು ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಆಕೆ ಅಕ್ಕಿಯ ನೀರು ಬಸಿದು ಕೇಳಿದಳು.

“ಆ ಅಜ್ಜ ಮತ್ತ ಬಂದಿದ್ನೇನ್ರಿ ಸರ?”

“ಬರಲಿಲ್ಲ.”

“ಅವ ಬರದೆ ಬಿಟ್ಟ. ನಾವು ಹೋಗೂಣು. ನಾಳಿಗೆ ಹನುಮಂತಪ್ಪನ್ನ ಕರ್ಕೊಂಡ ಹೋಗೂಣು, ಯಾವ ಕೈ ಬೇಕಂತಾರ ಆ ಕೈ ಅವರ ಮುಂದ ಒತ್ತಲಿ. ಇಲ್ಲಂದ್ರ ನಾನ ಅವರ ಕೊಳಕ್ಕ ಇಳೀತೀನಿ.”

ಆ ಹುದ್ದೆಗೆ ಇನ್ನೂ ಯಾರೂ ಸಿಕ್ಕಿಲ್ಲ, ಮಧ್ಯಾಹ್ನದ ಎರಡು ತಾಸು ಅಲ್ಲಿ ನೀರು ಇನ್ನೂ ಸುಮ್ಮನೆ ನಿಂತಿದೆ ಎಂದು ನನಗೆ ಗೊತ್ತಿತ್ತು. ಸಾಲೆಗೆ ಕೊಡಲು ರಜೆ ಚೀಟಿ ಬರೆದುಕೊಡುತ್ತೇನೆ ಎಂದೆ. ಆಮೇಲೆ ಜೇಬಿನಿಂದ ಚಿಪ್ಪು ತೆಗೆದು ಮತ್ತೆ ಸಂದೇಶ ಬಂದಿದೆ ಎಂದು ತೋರಿಸಿದೆ. ಇಷ್ಟು ದಿನ ಸಿಟ್ಟಿನಿಂದ ನಾನೇ ಇಟ್ಟುಕೊಂಡಿದ್ದೆ, ಒಮ್ಮೆಯೂ ಆಕೆಯನ್ನು ಕೇಳಿರಲಿಲ್ಲ. ಕೊಟ್ಟುಬಿಡಲೇ ಎಂದೆ. ಹುಲಿಗೆವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡಳು, ಬಿಚ್ಚಿಹೋದ ಹೊಲಿಗೆಯ ತುದಿಯನ್ನು ಒಳಗೆ ಮಡಚಿ ತನ್ನ ಬಲರಟ್ಟೆಗೆ ಕಟ್ಟಿಕೊಂಡಳು.

“ಮುಗಿಸಿಲ್ಲಂತ ಅವರ ಬರದಾರಲ್ರಿ. ಮುಗದ ಮ್ಯಾಲ ಕೊಡ್ತೀವಂತ ಬರೀರಿ.”

ಅಲ್ಲೇ ಹಂಡೆಯ ಪಕ್ಕದಲ್ಲಿ ನಿಂತು ಫೋನಿನಲ್ಲಿ ಆ ಸಂದೇಶಕ್ಕೆ ಉತ್ತರ ಬರೆದೆ: ‘ಓಟ ಇನ್ನೂ ಮುಗಿದಿಲ್ಲ. ಮುಗಿದ ಮೇಲೆ ಕೊಡುತ್ತೇವೆ.’ ಕೈಮುಗಿದ ಚಿತ್ರ ಹಾಕಲಿಲ್ಲ.